ಸ್ಟೇರಿಂಗ್ ಇತ್ತು ತಾನೇ ಸಾ?

ಇವತ್ತು ಬೆಳಗ್ಗೆ ಹಾಲಿನ ಬೂತಿನ ಮುಂದೆ ಮತ್ತೆ ಸಿಕ್ಕಿಬಿದ್ದೆ. ಎದುರು ಮನೆ ಯಜಮಾನರು ಮದ್ದೂರಿನ ಕಡೆಯವರು, ಮೈಸೂರು-ಬೆಂಗಳೂರು ರೂಟಿನಲ್ಲಿ 30 ವರ್ಷ ಬಸ್ ಓಡಿಸಿ ರಿಟೈರ್ ಆದವರು. ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ವಿಚಾರಿಸುವ ಹಾಗೆ ಕೇಳಿದರು: "ಅಲ್ಲಾ ಸಾ, ಸ್ಟೇರಿಂಗ್ ಇತ್ತು ತಾನೇ?"

ಇದು ಒಂಬತ್ತನೇ ದಿನ.

ನಡೆದದ್ದು ಇಷ್ಟೇ. 48ನೇ ವಯಸ್ಸಿಗೆ ವಿಮಾನ ಕಲಿಯುವ ಹುಚ್ಚು ಹತ್ತಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುತ್ತಿದ್ದೇನೆ. (ಫೀಸಿನ ಮಾತು ಬೇಡ, ಮನೆಯವರೂ ಇದನ್ನು ಓದುತ್ತಾರೆ.) ಆವತ್ತು ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಚೆನ್ನಾಗೇ ಇಳಿಯಿತು. ಚಕ್ರ ನೆಲ ಮುಟ್ಟಿತು, ಮುಗೀತು ಅಂತ ಉಸಿರು ಬಿಟ್ಟೆ. ಅದೇ ತಪ್ಪಾಗಿದ್ದು. ಅಲ್ಲಿ ರನ್‌ವೇ ಪೂರ್ವ-ಪಶ್ಚಿಮವಾಗಿ ಮಲಗಿದೆ, ಆಷಾಢದ ಗಾಳಿ ನೈರುತ್ಯದಿಂದ ಬರುತ್ತೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿದವನಿಗೆ ಎಡಗಡೆಯಿಂದ ಹೊಡೆಯುತ್ತೆ. ಎದ್ದು ನಿಂತ ಬಾಲವನ್ನು ಬಲಕ್ಕೆ ತಳ್ಳುತ್ತೆ, ಮೂತಿ ಎಡಕ್ಕೆ ತಿರುಗುತ್ತೆ.

ತಿರುಗಿತು. ಇಪ್ಪತ್ತು ವರ್ಷ ಕಾರು ಓಡಿಸಿದ ಕೈ ಸುಮ್ನೆ ಇರುತ್ತಾ? ಸ್ಟೇರಿಂಗನ್ನು ಬಲಕ್ಕೆ ಎಳೆಯಿತು. ಆದರೆ ವಿಮಾನದಲ್ಲಿ ಅದು ಅಲ್ಲಾಡಿಸುವುದು ರೆಕ್ಕೆಯ ಪಟ್ಟಿಗಳನ್ನು, ಚಕ್ರವನ್ನಲ್ಲ. ಎಡ ರೆಕ್ಕೆ ಮೇಲೆದ್ದಿತು, ಗಾಳಿ ಅದರ ಕೆಳಗೆ ನುಗ್ಗಿತು, ಮೂತಿ ಇನ್ನೂ ಎಡಕ್ಕೇ ಹೋಯಿತು. ನಾನು ಇನ್ನೂ ಬಲಕ್ಕೆ ಎಳೆದೆ. ಕಾಲುಗಳು ಮಾತ್ರ ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಸುಮ್ಮನೆ ಕೂತಿದ್ದವು. ರನ್‌ವೇ ಅಂಚಿನ ದೀಪ ಹತ್ತಿರ ಬರತೊಡಗಿದಾಗ ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ಬಲ ಪೆಡಲ್ ಒತ್ತಿ ನೇರ ಮಾಡಿದರು. ನಿಂತ ಮೇಲೆ ಹೇಳಿದ್ದು ಒಂದೇ ಮಾತು: "ಕಾಲು ಮನೇಲಿಟ್ಟು ಬಂದ್ರಾ ಸರ್?"

ಮನೆಯಲ್ಲಿ ನಗುನಗುತ್ತಾ ಹೇಳಿದೆ. ಮಗ ಹೋಗಿ ಎದುರು ಮನೆಗೆ ಹೇಳಿದ.

ಎರಡನೇ ದಿನ ತಾಳ್ಮೆಯಿಂದಲೇ ವಿವರಿಸಿದೆ. ಸ್ಟೇರಿಂಗ್ ಇರುತ್ತೆ, ಆದರೆ ನೆಲದ ಮೇಲೆ ಅದರಿಂದ ಚಕ್ರ ತಿರುಗಲ್ಲ.

"ಮತ್ಯಾಕ್ ಇಟ್ಟವ್ರೆ ಸಾ?"

ಕಾಲಲ್ಲಿ ತಿರುಗಿಸಬೇಕು ಅಂದೆ. "ಹಂಗಾರೆ ಬ್ರೇಕು?" ಅದೂ ಕಾಲಲ್ಲೇ, ಅದೇ ಪೆಡಲ್ಲಿನ ಮೇಲ್ತುದಿ ಅಂದೆ. ಅವರು ನನ್ನ ಹವಾಯಿ ಚಪ್ಪಲಿಯನ್ನು ತುಂಬಾ ಹೊತ್ತು ನೋಡಿದರು. ಐದನೇ ದಿನ ಚಕ್ರದ ಲೆಕ್ಕ ಬಂತು. ಮೂರು, ಮುಂದೆ ಒಂದು, ಹಿಂದೆ ಎರಡು. "ಹಂಗಾರೆ ಆಟೋನೇ ಅನ್ನಿ." ನನಗೆ ಉರಿಯಿತು. ಬಾಲದ ಕೆಳಗೆ ಪುಟ್ಟ ಚಕ್ರ ಇರುವ ಹಳೇ ಮಾದರಿ ಇನ್ನೂ ಕಷ್ಟ, ಅದರ ಭಾರವೆಲ್ಲ ದೊಡ್ಡ ಚಕ್ರಗಳ ಹಿಂದೆ, ಮೂತಿ ಜಾಸ್ತಿ ಜಾರಿದರೆ ಬಾಲವೇ ಮುಂದೆ ಬಂದುಬಿಡುತ್ತೆ ಅಂತ ಪಾಠ ಮಾಡಿದೆ. ಎಲ್ಲ ಕೇಳಿ ಹೆಗಲ ಮೇಲೆ ಕೈ ಇಟ್ಟರು. "ಅದಕ್ಕೆ ನೀವು ಹತ್ತಬ್ಯಾಡಿ ಸಾ."

ಚಿಕ್ಕವನಿದ್ದಾಗ ಅಪ್ಪ ಸೈಕಲ್ಲಿನ ಮುಂದೆ ಕೂರಿಸಿಕೊಂಡು ನಂಜನಗೂಡು ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು, ವಿಮಾನ ತೋರಿಸೋಕೆ. ಇದೇ ಮಂಡಕಳ್ಳಿ, ಮಹಾರಾಜರ ಕಾಲದಲ್ಲಿ, 1940ರಲ್ಲಿ ಆದ ನಿಲ್ದಾಣ. ನಾವು ಹೋದಾಗೆಲ್ಲ ಖಾಲಿ. "ನಾಳೆ ಬರುತ್ತೆ ಬಿಡು" ಅನ್ನುತ್ತಾ ಸೈಕಲ್ ತಿರುಗಿಸುತ್ತಿದ್ದರು. 2010ರಲ್ಲಿ ಅದು ಹೊಸದಾಗಿ ತೆರೆಯುವಷ್ಟರಲ್ಲಿ ಅವರು ಇರಲಿಲ್ಲ.

ಇವತ್ತು ಸಂಜೆ ಹಾಲಿಗೆ ನನ್ನವಳನ್ನೇ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಬಂದಳು. ಚಪ್ಪಲಿ ಬಿಡುತ್ತಲೇ ಕೇಳಿದಳು: "ರೀ, ನಿಜ ಹೇಳಿ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರಾ?"

ಎರಡು ಪ್ಯಾಕೆಟ್ ತರಬೇಕಿತ್ತು, ಒಂದೇ ತಂದಿದ್ದಳು. ಅದನ್ನೇ ಹಿಡಿದುಕೊಂಡು ಜಗಳ ತೆಗೆದೆ.