1931ರ ಫೋರ್ಡ್ ಮತ್ತು ಕೊಯ್ದ ಪಾಪ

ಕಳೆದ ಭಾನುವಾರ ನನ್ನ ಕಾರಿನ ಫೋಟೊ ನೋಡಿ ಮೈಸೂರಿನ ಹಳೆಯ ಗೆಳೆಯನೊಬ್ಬ ಫೋನ್ ಮಾಡಿ ಬೈದ. ತೊಂಬತ್ತು ದಾಟಿದ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟುಕೊಳ್ಳುವುದು ಬಿಟ್ಟು ಗ್ರೈಂಡರ್ ಹಿಡಿದು ಕೊಯ್ದಿದ್ದೀಯಲ್ಲ, ಮನಸ್ಸಾದರೂ ಹೇಗೆ ಬಂತು ಎಂಬುದು ಬೈಗುಳದ ಸಾರ. ಹಳೆಯ ಕಾರುಗಳ ರ‍್ಯಾಲಿ ಎಂದರೆ ರಜೆ ಹಾಕಿ ಹೋಗುವವನು ಅವನು. ಆಗ ನಾನು ಅದೇ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು, ಸರಿಯಾಗಿ ಜಗಳವಾಡಲು ಆಗಲಿಲ್ಲ. ಉಳಿದ ಜಗಳವನ್ನು ಇಲ್ಲಿ ಆಡುತ್ತಿದ್ದೇನೆ.

ಮೊದಲು ಒಂದು ತಿದ್ದುಪಡಿ. ನಾನು ತಂದಾಗ ಅದು ಕಾರಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಬಳಿ ಬಾದಾಮಿ ತೋಟವೊಂದರ ಕೊಟ್ಟಿಗೆಯಲ್ಲಿ ಬಿದ್ದಿದ್ದದ್ದು 1931ರ ಫೋರ್ಡ್ ಮಾಡೆಲ್ ಎ ಕೂಪೆಯ (ಎರಡು ಬಾಗಿಲಿನ ಕಾರು) ಹೊರಮೈ, ಚಾಸಿ ಎಂಬ ಕೆಳಗಿನ ಕಬ್ಬಿಣದ ಚೌಕಟ್ಟು ಮತ್ತು ಜಾಮ್ ಆಗಿ ನಿಂತಿದ್ದ ನಾಲ್ಕು ಸಿಲಿಂಡರಿನ ಎಂಜಿನ್. ಮಡ್‌ಗಾರ್ಡ್‌ಗಳು ಇರಲೇ ಇಲ್ಲ. ಬಾಗಿಲುಗಳ ಕೆಳಭಾಗದ ತಗಡನ್ನು ಬೆರಳಿನಿಂದ ಒತ್ತಿದರೆ ಒಣರೊಟ್ಟಿಯಂತೆ ಮುರಿಯುತ್ತಿತ್ತು. ಸೀಟಿನ ಜಾಗದಲ್ಲಿ ಇಲಿಗಳು ತಲೆಮಾರುಗಳಿಂದ ಸಂಸಾರ ಹೂಡಿದ್ದವು. ಅಪರೂಪದ ವಸ್ತು ಎನ್ನುವಂತೆಯೂ ಇಲ್ಲ. ಫೋರ್ಡ್ ಕಂಪನಿ ಮಾಡೆಲ್ ಎ ಕಾರುಗಳನ್ನು 48 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾಡಿತ್ತು. ನಮ್ಮಲ್ಲಿ ಅಂಬಾಸಿಡರ್ ಇದ್ದ ಹಾಗೆ ಇಲ್ಲಿ ಅಮೆರಿಕದಲ್ಲಿ ಅದು ಊರೂರಿನ ಕಾರು.

ನಾನು ಕಟ್ಟುತ್ತಿರುವುದು ಹಾಟ್ ರಾಡ್, ಅಂದರೆ ಹಳೆಯ ಕಾರನ್ನು ಕೊಯ್ದು, ಹಗುರ ಮಾಡಿ, ಬಲವಾದ ಎಂಜಿನ್ ಕೂರಿಸಿ ವೇಗಕ್ಕೆಂದು ಕಟ್ಟಿದ ಕಾರು. ಅದು ಹುಟ್ಟಿದ್ದೇ ಹೀಗೆ ಬಿದ್ದಿದ್ದ ಕಾರುಗಳಿಂದ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರ ಕೈಯಲ್ಲಿ ಕಾಸಿರಲಿಲ್ಲ, ಆದರೆ ಗುಜರಿ ಅಂಗಡಿಯಲ್ಲಿ ಹಳೆಯ ಫೋರ್ಡ್ ಅಗ್ಗವಾಗಿ ಸಿಗುತ್ತಿತ್ತು. ಭಾರ ಕಡಿಮೆಯಾಗಲಿ ಎಂದು ಮಡ್‌ಗಾರ್ಡ್ ಕಿತ್ತರು, ಬಂಪರ್ ಕಿತ್ತರು, ವಾರಾಂತ್ಯದಲ್ಲಿ ಮ್ಯುರಾಕ್ ಎಂಬ ಒಣಗಿದ ಸರೋವರದ ಗಟ್ಟಿ ನೆಲಕ್ಕೆ ಹೋಗಿ ಓಡಿಸಿದರು. 1937ರಲ್ಲಿ ಆ ಹುಡುಗರ ಹಲವು ಕ್ಲಬ್ಬುಗಳು ಸೇರಿ ತಮ್ಮದೇ ಒಂದು ಸಂಘ ಕಟ್ಟಿಕೊಂಡವು. ಮ್ಯುರಾಕ್ ಈಗ ಎಡ್ವರ್ಡ್ಸ್ ವಾಯುನೆಲೆಯೊಳಗೆ ಸೇರಿಹೋಗಿದೆ. ಸಂಘ ಮಾತ್ರ ಎಲ್ ಮಿರಾಜ್ ಎಂಬ ಇನ್ನೊಂದು ಒಣ ಸರೋವರದಲ್ಲಿ ಇಂದಿಗೂ ಓಟ ನಡೆಸುತ್ತದೆ.

ಈ ಆಟಕ್ಕೆ ದೊಡ್ಡ ತಿರುವು ಕೊಟ್ಟದ್ದು ಸ್ವತಃ ಹೆನ್ರಿ ಫೋರ್ಡ್. ಮಾಡೆಲ್ ಎ ಎಂಜಿನ್ನಿನದು 40 ಅಶ್ವಶಕ್ತಿ. 1932ರಲ್ಲಿ ಅವರು ಜನಸಾಮಾನ್ಯರ ಕಾರಿಗೆ 65 ಅಶ್ವಶಕ್ತಿಯ, ಒಂದೇ ಎರಕದ ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿದರು. ಆ ಕಾರುಗಳು ಅಪಘಾತವಾಗಿ ಗುಜರಿಗೆ ಬರತೊಡಗಿದಂತೆ ಅವುಗಳ ಎಂಜಿನ್ ಹುಡುಗರ ಹಳೆಯ ಕಾರಿನೊಳಗೆ ಹೋಗಿ ಕುಳಿತಿತು. ಫೋರ್ಡ್ ಕಾರುಗಳಲ್ಲಿ ಒಂದು ವರ್ಷದ ಭಾಗ ಇನ್ನೊಂದು ವರ್ಷದ ಕಾರಿಗೆ ಸ್ವಲ್ಪ ತಿದ್ದಿದರೆ ಹೊಂದುತ್ತದೆ. ನನ್ನ ಕಾರಿನ ಮೈ 1931ರದು, ಗೇರ್‌ಬಾಕ್ಸ್ 1939ರದು, ಬ್ರೇಕ್ 1940ರದು, ಎಂಜಿನ್ 1951ರದು. ಅಜ್ಜನ ಕೋಟು, ಮಾವನ ಚಪ್ಪಲಿ ಹಾಕಿಕೊಂಡು ಮದುವೆಗೆ ಹೊರಟ ಹುಡುಗನ ಹಾಗಿದೆ.

ಎಂಜಿನ್ ಹುಡುಕಿದ್ದೇ ಒಂದು ರಾಮಾಯಣ. ಈ ಹಳೆಯ ವಿ8ನಲ್ಲಿ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳು ಮೇಲಿನ ಮುಚ್ಚಳವಾದ ಹೆಡ್‌ನಲ್ಲಿ ಇರುವುದಿಲ್ಲ, ಬ್ಲಾಕ್ ಎಂಬ ಎರಕದ ಒಡಲಿನಲ್ಲೇ ಸಿಲಿಂಡರಿನ ಪಕ್ಕಕ್ಕೆ ಕುಳಿತಿರುತ್ತವೆ. ಸುಟ್ಟ ಹೊಗೆ ಹೊರಗೆ ಹೋಗಬೇಕಾದರೆ ನೀರಿನ ದಾರಿಯ ನಡುವೆ ಬ್ಲಾಕಿನ ಹೊಟ್ಟೆಯನ್ನೇ ಹಾದು ಹೋಗಬೇಕು. ಆದ್ದರಿಂದ ಬಿಸಿ ಹೆಚ್ಚು. ಬಿಸಿ ಹೆಚ್ಚಾದಲ್ಲಿ ಬಿರುಕು. ಬ್ಲಾಕನ್ನು ಅಯಸ್ಕಾಂತಕ್ಕೆ ಒಡ್ಡಿ ನುಣ್ಣನೆಯ ಕಬ್ಬಿಣದ ಪುಡಿ ಉದುರಿಸಿದರೆ, ಬಿರುಕಿರುವ ಕಡೆ ಪುಡಿ ಇರುವೆ ಸಾಲಿನಂತೆ ನಿಲ್ಲುತ್ತದೆ. ‘ಒಳ್ಳೆಯ ಬ್ಲಾಕ್’ ಎಂದು ಪ್ರಮಾಣ ಮಾಡಿ ಒಬ್ಬರು ಮಾರಿದ ಮೊದಲನೆಯದರಲ್ಲಿ ವಾಲ್ವಿನ ಕುಳಿಯಿಂದ ಸಿಲಿಂಡರಿನವರೆಗೆ ಇರುವೆಗಳು ಸಾಲಾಗಿ ಹೊರಟಿದ್ದವು. ಎರಡನೆಯದರಲ್ಲೂ ಅದೇ ಮೆರವಣಿಗೆ. ಮೂರನೆಯದು ದಕ್ಕಿತು: 3.9 ಲೀಟರ್, ಹೊಸದಾಗಿದ್ದಾಗ 100 ಅಶ್ವಶಕ್ತಿ. ಈ ಹುಡುಕಾಟಕ್ಕೆ ಹದಿನಾಲ್ಕು ತಿಂಗಳು ಹೋಯಿತು. ಅಷ್ಟರಲ್ಲಿ ನನ್ನ ಹೆಂಡತಿ ತನ್ನ ಕಾರನ್ನು ರಸ್ತೆಯಲ್ಲಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದದ್ದು ನಾನು ಚಾಸಿಯನ್ನು ಹಾಳು ಮಾಡಿ ಕುಳಿತಿದ್ದಾಗ. ಮಾಡೆಲ್ ಎ ಚಾಸಿಯ ಉದ್ದನೆಯ ಎರಡು ತೊಲೆಗಳು ಒಂದು ಬದಿ ತೆರೆದಿರುವ ಕಾಲುವೆಯ ಆಕಾರದವು. 40 ಅಶ್ವಶಕ್ತಿಗೆ ಅದು ಸಾಕು. ವಿ8ನ ಸೆಳೆತಕ್ಕೆ ತಿರುಚಿಕೊಳ್ಳುತ್ತದೆ, ಆದ್ದರಿಂದ ತೆರೆದ ಬದಿಗೆ ಪಟ್ಟಿ ಬೆಸೆದು ಪೆಟ್ಟಿಗೆಯಂತೆ ಮುಚ್ಚಬೇಕು. ನಾನು ಹುಮ್ಮಸ್ಸಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ವೆಲ್ಡಿಂಗ್ ಎಳೆದಿದ್ದೆ. ಅಪ್ಪ ಅರಸೀಕೆರೆಯಲ್ಲಿ ಮೂವತ್ತೈದು ವರ್ಷ ಲೇತ್ ಮತ್ತು ವೆಲ್ಡಿಂಗ್ ಅಂಗಡಿ ನಡೆಸಿದವರು. ಬಂದ ಮೂರನೆಯ ದಿನ ಗ್ಯಾರೇಜಿಗೆ ಇಳಿದು, ಏನೂ ಕೇಳದೆ, ಅಮ್ಮನ ಹೂ ಕಟ್ಟುವ ದಾರ ತಂದು ಚಾಸಿಯ ಮೂಲೆಯಿಂದ ಮೂಲೆಗೆ ಎಳೆದು ನೋಡಿದರು. ಎರಡು ಕರ್ಣಗಳ ನಡುವೆ ಏಳು ಮಿಲಿಮೀಟರ್ ವ್ಯತ್ಯಾಸ.

“ಅಲ್ಲಪ್ಪಾ, ಬಿಸಿ ತಾಗಿದರೆ ಕಬ್ಬಿಣವೂ ಹಪ್ಪಳದ ಹಾಗೆಯೇ ಸುರುಟುತ್ತದೆ. ಇಲ್ಲಿ ಒಂದು ಅಂಗುಲ ಹಾಕು, ಆಮೇಲೆ ಆ ತುದಿಯಲ್ಲಿ ಒಂದು ಅಂಗುಲ. ನಡುವೆ ಕಾಫಿ ಕುಡಿ.”

ನಾನು ಹಾಕಿದ್ದನ್ನೆಲ್ಲ ಒಂದು ವಾರ ಕುಳಿತು ಕೊಯ್ದೆವು. ಮತ್ತೆ ಬೆಸೆಯಲು ಐದು ವಾರ. ಅಂಗುಲಕ್ಕೊಂದು ಕಾಫಿಯಂತೂ ಅಲ್ಲ, ಆದರೆ ಬಹಳ ಕಾಫಿ ಖರ್ಚಾಯಿತು. ಕೊನೆಯಲ್ಲಿ ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಅಪ್ಪ ಅದನ್ನೂ ಒಪ್ಪಲಿಲ್ಲ, ಸುಮ್ಮನಾದರು.

ಈ ಕಾರನ್ನು ನೋಡಿದವರೆಲ್ಲ ಎಷ್ಟು ಅಶ್ವಶಕ್ತಿ ಎಂದು ಕೇಳುತ್ತಾರೆ. ನಿಲ್ಲುವುದು ಹೇಗೆ ಎಂದು ಕೇಳಿದವರು ಅಪ್ಪ ಒಬ್ಬರೇ. ಮೂಲ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಕಬ್ಬಿಣದ ಸರಳುಗಳ ಬ್ರೇಕ್. ಹೈಡ್ರಾಲಿಕ್ ಬ್ರೇಕನ್ನು ಫೋರ್ಡ್ ಕಾರಿಗೆ ಹಾಕಿದ್ದು 1939ಕ್ಕೆ, ಮುಖ್ಯ ಪ್ರತಿಸ್ಪರ್ಧಿಗಳು ಹಾಕಿದ ಮೇಲೆ. ಇನ್ನು ಪೆಟ್ರೋಲ್ ಟ್ಯಾಂಕು ಎಲ್ಲಿತ್ತು ಗೊತ್ತೇ? ಗಾಜಿನ ಮುಂದೆ, ಕುಳಿತವರ ಮೊಣಕಾಲಿನ ನೇರಕ್ಕೆ. ಪೆಟ್ರೋಲ್ ತಾನೇ ಇಳಿದು ಕಾರ್ಬೊರೇಟರಿಗೆ ಹೋಗಲಿ ಎಂಬ ಲೆಕ್ಕಾಚಾರ. ನಾನು ಅದನ್ನು ಕಿತ್ತು ಹಿಂದೆ ಬೇರೆ ಟ್ಯಾಂಕು ಕೂರಿಸಿದ್ದೇನೆ. ಮೂಲರೂಪವೇ ದೇವರು ಎನ್ನುವ ಗೆಳೆಯ ಮೊಣಕಾಲ ಮೇಲೆ ನಲವತ್ತು ಲೀಟರ್ ಪೆಟ್ರೋಲ್ ಇಟ್ಟುಕೊಂಡು ಒಮ್ಮೆ ಹೆದ್ದಾರಿಯಲ್ಲಿ ಹೋಗಿ ಬರಲಿ.

ಅವನ ಕಡೆ ಭಾರತದ ಕಾನೂನಿದೆ, ಒಪ್ಪುತ್ತೇನೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರಗಳ ವಿಶೇಷ ನೋಂದಣಿ. ನನ್ನ ಕಾರಿಗೆ ಮೈಸೂರಿನ ರಸ್ತೆಯಲ್ಲಿ ಜಾಗವಿಲ್ಲ. ರಾತ್ರೋರಾತ್ರಿ ಸೈಲೆನ್ಸರ್ ಕಿತ್ತು ಊರನ್ನೆಲ್ಲ ಎಬ್ಬಿಸುವವರನ್ನು ನೆನೆದರೆ ಕಾನೂನು ಬಿಗಿಯಾಗಿರುವುದೇ ಒಳ್ಳೆಯದು ಎಂದು ನನಗೂ ಅನಿಸುತ್ತದೆ. ಆದರೆ ಕಾನೂನಿನ ಮಾತು ಬೇರೆ, ಪಾಪಪುಣ್ಯದ ಮಾತು ಬೇರೆ. ನನ್ನ ಬಾಲ್ಯದಲ್ಲಿ ಅಪ್ಪನ ಅಂಗಡಿಯ ಮುಂದೆ ಪೆಟ್ರೋಲ್ ಜೀಪುಗಳು ಡೀಸೆಲ್ ಎಂಜಿನ್ ಹಾಕಿಸಿಕೊಳ್ಳಲು ಸರದಿಯಲ್ಲಿ ನಿಲ್ಲುತ್ತಿದ್ದವು. ವೇಗಕ್ಕಲ್ಲ, ಮೈಲೇಜಿಗೆ. ಅಡ್ಡಪಟ್ಟಿ ಕೊಯ್ದು, ಎಂಜಿನ್ ಕೂರುವ ಹಿಡಿಗಳನ್ನು ಹೊಸದಾಗಿ ಬೆಸೆದು, ಅಪ್ಪ ಎಷ್ಟೋ ಜೀಪುಗಳಿಗೆ ಇನ್ನೂ ಹತ್ತಿಪ್ಪತ್ತು ವರ್ಷದ ಆಯುಷ್ಯ ಕೊಟ್ಟರು. ಅಂದು ಅದನ್ನು ಯಾರೂ ಪಾಪ ಎನ್ನಲಿಲ್ಲ. ಆ ಜೀಪುಗಳನ್ನು ಮ್ಯೂಸಿಯಂ ಕಣ್ಣಿನಿಂದ ನೋಡುವವರು ಆಗ ಇರಲಿಲ್ಲ, ಅಷ್ಟೆ.

ಹಾಗೆಂದು ಏನನ್ನು ಬೇಕಾದರೂ ಕೊಯ್ಯಬಹುದು ಎನ್ನುವವನು ನಾನಲ್ಲ. ಪೂರ್ತಿಯಾಗಿರುವ, ಓಡುತ್ತಿರುವ ಮಾಡೆಲ್ ಎ ಕಾರನ್ನು ಕೊಂಡು ಕೊಯ್ಯುವವನ ಮನೆಯಲ್ಲಿ ನಾನು ನೀರೂ ಕುಡಿಯುವುದಿಲ್ಲ. ಇನ್ನು ಕೆಲವರು ಫೈಬರ್‌ಗ್ಲಾಸ್ ಮೈ, ಹೊಸ ಚಾಸಿ, ಪೆಟ್ಟಿಗೆಯಲ್ಲಿ ಬರುವ ಎಂಜಿನ್ ತರಿಸಿ ಬೇರೆಯವರಿಂದ ಜೋಡಿಸಿಕೊಂಡು ‘ನಾನು ಕಟ್ಟಿದೆ’ ಎನ್ನುತ್ತಾರೆ. ಅದರಿಂದ ಯಾವ ಹಳೆಯ ಕಾರಿಗೂ ಹಾನಿಯಿಲ್ಲ. ಆದರೆ ಹೋಟೆಲಿನಿಂದ ಊಟ ತರಿಸಿ ಅಡುಗೆ ಮಾಡಿದೆ ಎಂದ ಹಾಗೆ. ನಾನು ತೆಗೆದ ನಾಲ್ಕು ಸಿಲಿಂಡರಿನ ಎಂಜಿನ್, ಬ್ರೇಕ್ ಸರಳುಗಳು, ಟ್ಯಾಂಕು ಯಾವುದನ್ನೂ ಗುಜರಿಗೆ ಹಾಕಲಿಲ್ಲ. ಸ್ಟಾಕ್ಟನ್‌ನಲ್ಲಿ 1930ರ ಕಾರನ್ನು ಮೂಲರೂಪಕ್ಕೆ ತರುತ್ತಿರುವ ಹಿರಿಯರೊಬ್ಬರು ಬಂದು ಒಯ್ದರು. ಆ ಎಂಜಿನ್ನಿನ ಕ್ರ್ಯಾಂಕ್ ಈಗ ಅವರ ಕಾರಿನಲ್ಲಿ ತಿರುಗುತ್ತಿದೆ. ಅವರೂ ನನಗೆ ಗೆಳೆಯನಂತೆಯೇ ಬೈದರು, ಬೈಯುತ್ತಲೇ ಟ್ರೇಲರಿಗೆ ಹಗ್ಗ ಕಟ್ಟಿದರು.

ಛಾವಣಿಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಕಂಬಗಳನ್ನು ಮೂರು ಅಂಗುಲ ಕೊಯ್ದು ಛಾವಣಿ ಇಳಿಸಿದರೆ ಕಾರು ಕುಪ್ಪಳಿಸಲು ಹೊಂಚು ಹಾಕಿದ ಬೆಕ್ಕಿನ ಹಾಗೆ ಕಾಣುತ್ತದೆ. ಇಲ್ಲಿನ ಗೆಳೆಯರೆಲ್ಲ ಕೊಯ್ಯಿ ಎನ್ನುತ್ತಾರೆ. ತುಕ್ಕಿಲ್ಲದೆ ಉಳಿದಿರುವುದು ಅದೊಂದೇ ಭಾಗವಾದ್ದರಿಂದ ಕೈ ಬರುತ್ತಿಲ್ಲ. ಅಪ್ಪನನ್ನು ಕೇಳಿದರೆ, “ತಲೆ ತಾಗುತ್ತದೆಯೋ ಇಲ್ಲವೋ ಕುಳಿತು ನೋಡು” ಎಂದರು. ನಾನು ಆರು ಅಡಿ. ತಾಗುತ್ತದೆ.

ಸದ್ಯಕ್ಕೆ ಅದಕ್ಕಿಂತ ದೊಡ್ಡ ತಲೆನೋವು ಬೇರೆಯಿದೆ. ಸ್ಯಾಕ್ರಮೆಂಟೊದಲ್ಲಿ ಜುಲೈ ಬಿಸಿಲು 40 ಡಿಗ್ರಿ ತಲುಪುತ್ತದೆ, ಕೆಂಪು ದೀಪದಲ್ಲಿ ಎರಡು ನಿಮಿಷ ನಿಂತರೆ ನೀರು ಕುದಿಯುತ್ತದೆ. ಅಪ್ಪ ಈಗ ಊರಿನಲ್ಲಿದ್ದಾರೆ; ದಿನಾ ರಾತ್ರಿ ಫೋನ್ ಮಾಡಿ ಮೊಮ್ಮಗಳ ಪರೀಕ್ಷೆ ವಿಚಾರಿಸುವ ಮೊದಲು ಎಂಜಿನ್ ಬಿಸಿ ತೋರಿಸುವ ಮುಳ್ಳು ಎಷ್ಟಕ್ಕೆ ಏರಿತು ಎಂದು ಕೇಳುತ್ತಾರೆ. ಬರುವ ಶನಿವಾರ ರೇಡಿಯೇಟರ್ ಬಿಚ್ಚುತ್ತಿದ್ದೇನೆ. ಅಂದು ಮೈಸೂರಿನಿಂದ ಫೋನ್ ಬಂದರೆ ಹೆಂಡತಿ ಎತ್ತುತ್ತಾಳೆ. ಈ ಕಾರಿನ ಬಗ್ಗೆ ಗೆಳೆಯನಿಗಿಂತ ಅವಳ ಹತ್ತಿರ ದೂರು ಜಾಸ್ತಿಯಿದೆ, ಇಬ್ಬರೂ ಮಾತಾಡಿಕೊಳ್ಳಲಿ.