ಮತಯಂತ್ರದಲ್ಲಿ ಪಕ್ಷದ ಗುರುತು ಇನ್ನೂ ಬೇಕಾ?

ಪರ: ಓದು ಬಂದವರಿಗೂ ಬೇಕು

ಗುರುತು ಶುರುವಾಗಿದ್ದು ಓದು ಬಾರದವರಿಗಾಗಿ, ನಿಜ. 1951ರ ಜನಗಣತಿ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಸುಮಾರು 18 ಜನಕ್ಕಷ್ಟೇ ಓದು ಬರುತ್ತಿತ್ತು. ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಕಾಂಗ್ರೆಸ್‌ಗೆ ವೋಟು ಹಾಕಬೇಕಾ? ಜೋಡೆತ್ತಿನ ಪೆಟ್ಟಿಗೆ ಹುಡುಕಿ ಚೀಟಿ ಹಾಕಿ ಬಂದರೆ ಆಯ್ತು.

ಈಗ ಎಲ್ಲರಿಗೂ ಓದು ಬರುತ್ತದಲ್ಲ ಅನ್ನುವವರು 2019ರ ಮಂಡ್ಯವನ್ನು ನೆನಪಿಸಿಕೊಳ್ಳಲಿ. ಸುಮಲತಾ ಅಂಬರೀಶ್ ಲೋಕಸಭೆಗೆ ಪಕ್ಷೇತರರಾಗಿ ನಿಂತರು. ಅದೇ ಕಣದಲ್ಲಿ ಇನ್ನೂ ಮೂವರು ಸುಮಲತಾ! ಇದು ಸುಮ್ನೆ ಹಾಗೇ ಆಗಿದ್ದು ಅಂತ ನಂಬಿದವರು ಕಡಿಮೆ. ಎಂ.ಎ. ಓದಿದವರಿಗೂ ಅಲ್ಲಿ ಹೆಸರೊಂದೇ ಸಾಲುತ್ತಿರಲಿಲ್ಲ. ಗೊಂದಲ ತಪ್ಪಿಸಿದ್ದು ಕಹಳೆ ಊದುವ ರೈತನ ಗುರುತು. ಗೆದ್ದ ಅಂತರ 1.25 ಲಕ್ಷಕ್ಕೂ ಜಾಸ್ತಿ.

ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಇದೆಯಲ್ಲ ಅನ್ನಬಹುದು. 2015ರಿಂದ ಇದೆ. ಆದರೆ ಮುಖವನ್ನು ಬಾಯಲ್ಲಿ ಹೇಗೆ ಹೇಳುತ್ತೀರಿ? 'ತೆನೆ ಹೊತ್ತ ಮಹಿಳೆ' ಅಂದರೆ ಸಂತೆಯ ಗದ್ದಲದಲ್ಲೂ ಕೇಳಿಸುತ್ತದೆ, ತಲೆಯಲ್ಲಿ ಉಳಿಯುತ್ತದೆ. ಬೇಕಾದರೆ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು ತೋರಿಸಬಹುದು. ಬೆಂಗಳೂರಿನಲ್ಲಿ ತಮಿಳು, ತೆಲುಗು, ಉರ್ದು ಚೆನ್ನಾಗಿ ಓದಬಲ್ಲ ಎಷ್ಟೋ ಜನ ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಬಾರದು. ಅವರನ್ನು ಅನಕ್ಷರಸ್ಥರು ಅನ್ನೋಕಾಗಲ್ಲ ಅಲ್ವಾ?

ಇನ್ನು ಮತಯಂತ್ರದ ಜೊತೆ ಇಡುವ ವಿವಿಪ್ಯಾಟ್. ನೀಲಿ ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಒಂದು ಚೀಟಿ ಮೂಡುತ್ತದೆ. ಕ್ರಮಸಂಖ್ಯೆ, ಹೆಸರು, ಗುರುತು ಅಷ್ಟೇ, ಫೋಟೋ ಇಲ್ಲ. 7 ಸೆಕೆಂಡು ನಿಂತು ಚೀಟಿ ಕೆಳಗೆ ಬೀಳುತ್ತದೆ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದ ಅಜ್ಜನಿಗೆ ಅಷ್ಟರಲ್ಲಿ ಗೊತ್ತಾಗುವುದು ಗುರುತೊಂದೇ. ತನ್ನ ವೋಟು ತಾನು ಹಾಕಿದವರಿಗೇ ಬಿತ್ತು ಅಂತ ಅವರಿಗೆ ಇನ್ಯಾವುದರಿಂದ ಖಾತ್ರಿಯಾಗಬೇಕು?

ವಿರೋಧ: ಗುರುತು ಕೆಲವರ ಆಸ್ತಿಯಾಗಿದೆ

ಮಂಡ್ಯದ ಉದಾಹರಣೆ ಕೇಳಲು ಚೆನ್ನಾಗಿದೆ. ಆದರೆ ಚಿತ್ರರಂಗದ ಹೆಸರು ಬೆನ್ನಿಗಿದ್ದ ಪಕ್ಷೇತರರ ಕಥೆ ಅದು. ಸಾಮಾನ್ಯ ಪಕ್ಷೇತರನ ಪಾಡು ಬೇರೆ. ಅವನಿಗೆ ಗುರುತು ಸಿಗುವುದು ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿದ ಮೇಲೆ. ಮತದಾನಕ್ಕೆ ಆಗ ಹೆಚ್ಚುಕಡಿಮೆ ಎರಡು ವಾರ. ಅಷ್ಟರಲ್ಲಿ ಕರಪತ್ರ ಅಚ್ಚು ಹಾಕಿಸಿ, ತನ್ನ ಗುರುತು ಯಾವುದು ಅಂತ ಇಡೀ ಕ್ಷೇತ್ರಕ್ಕೆ ಹೇಳಬೇಕು. ಎದುರಿಗಿರುವುದು 1978ರಿಂದ ಓಡಾಡುತ್ತಿರುವ ಹಸ್ತ, 1980ರಿಂದ ಇರುವ ಕಮಲ. ಮಾನ್ಯತೆ ಪಡೆದ ಪಕ್ಷಕ್ಕೆ ಗುರುತು ಮೀಸಲು ಅಂತ ಚುನಾವಣಾ ಆಯೋಗದ 1968ರ ಗುರುತುಗಳ ಆದೇಶವೇ ಹೇಳುತ್ತದೆ. ಇದನ್ನು ಸಮಾನ ಸ್ಪರ್ಧೆ ಅನ್ನುವುದು ಹೇಗೆ?

ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂಗಾಗಿ ನಡೆಯುವ ಜಗಳ ನೋಡಿ. ರಾತ್ರೋರಾತ್ರಿ ಪಕ್ಷ ಬದಲಿಸುತ್ತಾರೆ, ನಾಯಕರ ಮನೆ ಮುಂದೆ ಬೀಡು ಬಿಡುತ್ತಾರೆ. ಆ ಕಾಗದ ಕೊಡಿಸುವುದು ಏನನ್ನು? ಗುರುತನ್ನು. ನಿನ್ನೆ ಹಸ್ತದವರು ಇವತ್ತು ಕಮಲದವರು. ಮನುಷ್ಯ ಅವನೇ, ಗುರುತು ಸಿಕ್ಕರೆ ಅರ್ಧ ಗೆದ್ದಂತೆ ಅನ್ನುವ ಲೆಕ್ಕ. ಪಕ್ಷ ಒಡೆದರಂತೂ ಅಣ್ಣತಮ್ಮಂದಿರು ಹೊಲ ಪಾಲಿಗೆ ಬಡಿದಾಡಿದ ಹಾಗೆ. ಶಿವಸೇನೆಯ ಬಿಲ್ಲು-ಬಾಣವನ್ನು ಆಯೋಗ 2022ರಲ್ಲಿ ತಡೆಹಿಡಿದು, 2023ರಲ್ಲಿ ಶಿಂದೆ ಬಣಕ್ಕೆ ಕೊಟ್ಟಿತು. ಜನ ಮತ ಹಾಕಿದ್ದು ಯಾರಿಗೆ ಅನ್ನುವುದು ಆ ವ್ಯಾಜ್ಯದಲ್ಲಿ ಎಲ್ಲೋ ಹಿಂದೆ ಬಿತ್ತು.

ಗುರುತಿನಿಂದ ಗೊಂದಲ ತಪ್ಪುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ. 2024ರಲ್ಲಿ ಮಹಾರಾಷ್ಟ್ರದಲ್ಲಿ ಒಡೆದ ಎನ್‌ಸಿಪಿ ಪಕ್ಷದ ಶರದ್ ಪವಾರ್ ಬಣದ ಗುರುತು ತುತ್ತೂರಿ ಊದುವ ಮನುಷ್ಯ. ಸಾತಾರಾದಲ್ಲಿ ಪಕ್ಷೇತರರೊಬ್ಬರಿಗೆ ಬರೀ ತುತ್ತೂರಿ ಸಿಕ್ಕಿತು. ಪವಾರ್ ಬಣದ ಅಭ್ಯರ್ಥಿ ಸೋತ ಅಂತರಕ್ಕಿಂತ ಆ ತುತ್ತೂರಿಗೆ ಬಿದ್ದ ಮತ ಜಾಸ್ತಿ! ಆಮೇಲೆ ಆಯೋಗ ತುತ್ತೂರಿಯನ್ನೇ ತಡೆಹಿಡಿಯಿತು. ಮಂಡ್ಯದಲ್ಲಿ ಕೈಗೂಡಿದ ಕಹಳೆ ಸಾತಾರಾದಲ್ಲಿ ಕೈಕೊಟ್ಟಿತು ಅನ್ನಿ.

ಗುರುತನ್ನೇ ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ವಿವಿಪ್ಯಾಟ್ ಮುಂದೆ ನಿಂತ ಅಜ್ಜನ ಕಷ್ಟ ನನಗೂ ಗೊತ್ತು. ಬೇಡ ಅನ್ನುವುದು ಪಕ್ಷದ ಹಕ್ಕನ್ನು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಗುರುತು ಇರುವುದಿಲ್ಲ. ಪಕ್ಷಗಳು ಹಿಂದಿನಿಂದ ಆಟ ಆಡುತ್ತವೆ, ಅದು ಯಾರಿಗೆ ಗೊತ್ತಿಲ್ಲ? ಆದರೂ ಅಭ್ಯರ್ಥಿ ಮನೆಮನೆಗೆ ಬಂದು, ಅವತ್ತು ಸಿಕ್ಕ ಗುರುತನ್ನು ತಾನೇ ಹೇಳಬೇಕು.

ಅದೇ ಪದ್ಧತಿ ವಿಧಾನಸಭೆಗೂ ಬರಲಿ. ಆಯೋಗದ ನಕ್ಷೆಗಾರರಾಗಿದ್ದ ಎಂ.ಎಸ್. ಸೇಥಿ ಪೆನ್ಸಿಲ್‌ನಲ್ಲಿ ಬರೆದ ಎಷ್ಟೋ ಚಿತ್ರಗಳು ಅವರು ನಿವೃತ್ತರಾದ ಮೇಲೂ ಪಟ್ಟಿಯಲ್ಲಿ ಉಳಿದವು. ಸೀಲಿಂಗ್ ಫ್ಯಾನ್, ಹೊಲಿಗೆ ಯಂತ್ರ, ಟೈಪ್‌ರೈಟರ್ ಇಂಥವಕ್ಕೆ ಬರವಿಲ್ಲ. ಪ್ರತಿ ಚುನಾವಣೆಗೂ ಎಲ್ಲ ಅಭ್ಯರ್ಥಿಗಳಿಗೂ ಚೀಟಿ ಎತ್ತಿ ಹೊಸ ಗುರುತು ಕೊಡಿ. ಹಸ್ತದವರು, ಕಮಲದವರು, ತೆನೆಯವರು ಎರಡೇ ವಾರದಲ್ಲಿ 'ಟೈಪ್‌ರೈಟರ್‌ಗೆ ವೋಟು ಹಾಕಿ' ಅಂತ ಹಳ್ಳಿಹಳ್ಳಿ ಸುತ್ತಲಿ ನೋಡೋಣ.