ಮಾತಾಡ್ಸಾಕ ಬಂದವರು

ನಮ್ಮ ಕಡೆ ಸಾವಾದ ಮನೆಗೆ ಹೋಗಿ ಬರುವುದಕ್ಕೆ 'ಮಾತಾಡ್ಸಾಕ ಹೋಗೋದು' ಅಂತೀವಿ. ಸಂತಾಪ, ಸಾಂತ್ವನ ಎಲ್ಲ ಪೇಪರಿನ ಮಾತು. ಮುಧೋಳ, ಜಮಖಂಡಿ, ಬೀಳಗಿ ಕಡೆ ಯಾರನ್ನೇ ಕೇಳಿ, 'ಮಣ್ಣಿಗೆ ಹೋಗಾಕ ಆಗಲಿಲ್ಲ, ನಾಳೆ ಮಾತಾಡ್ಸಾಕ ಹೋಗಿ ಬರ್ತೀನಿ' ಅಂತಾರೆ. ಹುಟ್ಟಿದಾಗಿನಿಂದ ಕಿವಿ ಮೇಲೆ ಬಿದ್ದ ಮಾತು. ಅದರ ಅರ್ಥ ತಿಳಿದದ್ದು ಮಾತ್ರ ನನ್ನ ತಮ್ಮ ಹೋದ ಮೇಲೆ.

ಬರುವ ಡಿಸೆಂಬರಿಗೆ ಮೂರು ವರ್ಷ. ಕಬ್ಬಿನ ಹಂಗಾಮು. ಆಗ ನಮ್ಮ ರಸ್ತೆಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರು, ಅದರ ಹಿಂದೆ ಎರಡೆರಡು ಟ್ರೇಲರು. ಅಂಥದ್ದೊಂದು ಟ್ರೇಲರ್ ಪಂಕ್ಚರ್ ಆಗಿ ರಾತ್ರಿ ರಸ್ತೆ ಮೇಲೆಯೇ ನಿಂತಿತ್ತು. ಹಿಂದೆ ರಿಫ್ಲೆಕ್ಟರ್ ಇರಲಿಲ್ಲ. ಒಂದು ಗಿಡದ ಟೊಂಗೆ ಮುರಿದು ಇಟ್ಟಿದ್ದರೂ ಆಗುತ್ತಿತ್ತು, ಅದೂ ಇರಲಿಲ್ಲ. ತಮ್ಮ ಬೈಕಿನಲ್ಲಿ ಮನೆಗೆ ಬರುತ್ತಿದ್ದ. 29 ವರ್ಷ. ಇದರ ಬಗ್ಗೆ ಇಷ್ಟು ಸಾಕು.

ಮಣ್ಣು ಕೊಡುವಾಗ ಮೊದಲ ಹಿಡಿ ಅಪ್ಪನದು. ಎಪ್ಪತ್ತು ದಾಟಿದ ಅಪ್ಪ ಮಣ್ಣು ಹಿಡಿದುಕೊಂಡು ನಿಂತೇ ಇದ್ದರು. ಮುಷ್ಟಿ ಬಿಚ್ಚಲೇ ಇಲ್ಲ. ಕೊನೆಗೆ ಕಾಕಾ ಹೋಗಿ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಅವ್ವ ಹಾಡಿಕೊಂಡು ಅತ್ತಳು. ನಮ್ಮ ಕಡೆಯ ಹೆಂಗಸರು ಅಳುವುದೇ ಹಾಗೆ. 'ನನ್ನ ಎತ್ತ ಮೇಯಿಸಾವ ಎಲ್ಲಿ ಹೋದ್ಯೋ, ಚಾ ಆರಿಸಿ ಕುಡಿಯಾವ ಎಲ್ಲಿ ಹೋದ್ಯೋ' ಅಂತ ಹೋದವರ ಒಂದೊಂದೇ ಗುಣ ತೆಗೆದು, ರಾಗ ಎಳೆದು ಅಳುತ್ತಾರೆ. ಅವ್ವ ಶುರು ಮಾಡಿದ ಕೂಡಲೇ ಸುತ್ತ ಕೂತವರು ತಡೆಯುತ್ತಿದ್ದರು. 'ಸಾಕ ಮಾಡ ಯಕ್ಕಾ, ಬಿಪಿ ಏರತೈತಿ.' 'ನೀ ಹಿಂಗ ಅತ್ತರ ಅವನ ಜೀವಕ್ಕ ಶಾಂತಿ ಸಿಗೂದಿಲ್ಲ.' ನನಗಂತೂ ಎಲ್ಲರದೂ ಒಂದೇ ಮಾತು. 'ನೀ ಓದಿದಾಕಿ, ನೀನ ಗಟ್ಟಿ ಆಗಬೇಕವ್ವಾ.'

ಅವರೆಲ್ಲ ಒಳ್ಳೆಯವರೇ. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡದೆ ರೊಟ್ಟಿ ಬುತ್ತಿ ತಂದವರು. ಆದರೆ ಮಾತಾಡಿಸಲು ಬಂದವರೇ ನಮ್ಮನ್ನು ಸುಮ್ಮನಾಗಿಸಿ ಹೋದರು ಅಂತ ಈಗ ಅನ್ನಿಸುತ್ತದೆ. ದಿನಕರ್ಮ ಮುಗಿಯಿತು. ಜನ ಬರುವುದು ನಿಂತಿತು. ಅದರ ಜೊತೆಗೆ ಮನೆಯಲ್ಲಿ ತಮ್ಮನ ಹೆಸರು ಹೇಳುವುದೂ ನಿಂತಿತು. ಅವನ ಹೆಸರು ತೆಗೆದರೆ ಅವ್ವ ಅಳುತ್ತಾಳೆ ಅಂತ ಅಪ್ಪ ಸುಮ್ಮನೆ, ಅಪ್ಪ ಎದ್ದು ಹೊರಗೆ ಹೋಗುತ್ತಾರೆ ಅಂತ ಅವ್ವ ಸುಮ್ಮನೆ. ಇಬ್ಬರಿಗೂ ಯಾಕೆ ತ್ರಾಸು ಅಂತ ನಾನೂ ಸುಮ್ಮನೆ.

ನನ್ನದು ಬೇರೆಯದೇ ಪಾಡು. ನಮ್ಮ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಸ್ಪೀಕರ್ ಹಾಕಿ ಹಾಡು ಹಚ್ಚಿಕೊಂಡೇ ಬರುತ್ತಾರೆ, ನಿಮಗೆ ಗೊತ್ತೇ ಇದೆ. ರಾತ್ರಿ ಮೈಲಿ ದೂರದಿಂದಲೇ ಕೇಳುತ್ತದೆ. ಆ ಸದ್ದು ಬಂತೆಂದರೆ ನನ್ನ ಅಂಗೈ ತಣ್ಣಗಾಗಿ ಬೆವರುತ್ತಿತ್ತು. ಎದೆ ಡವಡವ. ಹಾಡು ಹತ್ತಿರ ಬಂದು, ಮನೆ ದಾಟಿ, ಪೂರ್ತಿ ಕೇಳದಾಗುವವರೆಗೆ ಹಾಸಿಗೆ ಮೇಲೆ ಎದ್ದು ಕೂತಿರುತ್ತಿದ್ದೆ. ಹಾಡು ಕೇಳಿ ಹೆದರುತ್ತೀನಿ ಅಂತ ಯಾರಿಗೆ ಹೇಳೋದು ಅಲ್ವಾ?

ಐದನೇ ತಿಂಗಳು. ನಮ್ಮ ಓಣಿಯ ಕೊನೆ ಮನೆಯ ಆಯಿ ಒಂದು ಮಧ್ಯಾಹ್ನ ಬಂದಳು. ತನ್ನ ಕಣ್ಣೆದುರೇ ಇಬ್ಬರು ಮಕ್ಕಳನ್ನು ಕಳೆದುಕೊಂಡ ಹಿರಿಯಾಕಿ. ಅಡುಗೆಮನೆ ಹೊಸ್ತಿಲ ಮೇಲೆ ಕೂತಳು. ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದಳು. ಆಯಿ ತಾನೂ ನಾಲ್ಕು ತಗೊಂಡು ಬಿಡಿಸುತ್ತಾ ಕೇಳಿದಳು: 'ನಿನ್ನ ಮಗಗ ಯಾವ ಪಲ್ಯೆ ಭಾಳ ಸೇರ್ತಿತ್ತವಾ?'

ಅವ್ವನ ಕೈ ನಿಂತಿತು. ಆಮೇಲೆ ಹೇಳಿದಳು, 'ಮಡಕಿ ಕಾಳು. ಅದೂ ಮುಂಜಾನೆದ್ದು ಸಂಜಿಕ್ಕ ಉಳದಿರಬೇಕು.' ಅಲ್ಲಿಂದ ಶುರುವಾಯಿತು ನೋಡಿ. ಅವನು ಸಣ್ಣವನಿದ್ದಾಗ ಘಟಪ್ರಭೆಯಲ್ಲಿ ಈಜಲು ಹೋಗಿ ಚಡ್ಡಿ ಕಳೆದುಕೊಂಡು ಬಂದದ್ದು, ಮೊದಲ ಪಗಾರದಲ್ಲಿ ಅವ್ವನಿಗೆ ಇಳಕಲ್ ಸೀರೆ ತಂದದ್ದು, ಅದರ ಬಣ್ಣ ಅವ್ವನಿಗೆ ಸೇರದಿದ್ದರೂ ಉಟ್ಟದ್ದು. ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಯಿ 'ಹೂಂ' ಅನ್ನುತ್ತಾ ಹುಣಸೆಹಣ್ಣು ಬಿಡಿಸುತ್ತಲೇ ಇದ್ದಳು. ಒಮ್ಮೆಯೂ ಸಾಕು ಮಾಡು ಅನ್ನಲಿಲ್ಲ. ಬೈಕು ತಂದ ದಿನದ ಮಾತು ಬಂದಾಗ ಹೊರಗೆ ಕಟ್ಟೆ ಮೇಲಿಂದ ಅಪ್ಪನ ದನಿ ಕೇಳಿಸಿತು: 'ಕಾರ ಹುಣ್ಣಿಮಿಗಲ್ಲ, ಸೀಗಿ ಹುಣ್ಣಿಮಿಗೆ ತಂದಾನ ಅದನ್ನ.' ಐದು ತಿಂಗಳಲ್ಲಿ ಮಗನ ಬಗ್ಗೆ ಅಪ್ಪ ಆಡಿದ ಮೊದಲ ಮಾತು ಅದು.

ಹೇಗಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಹೆಲ್ಮೆಟ್ ಇರಲಿಲ್ಲೇನು ಅಂತ ನೂರು ಮಂದಿ ಕೇಳಿದ್ದರು. ಅವನು ಹೇಗಿದ್ದ ಅಂತ ಕೇಳಿದವಳು ಆಯಿ ಒಬ್ಬಳೇ.

ಅವತ್ತು ರಾತ್ರಿ ನಾನು ರನ್ನನ ಗದಾಯುದ್ಧ ತೆಗೆದೆ. ರನ್ನ ನಮ್ಮ ಮುಧೋಳದವನು, ಬಳೆಗಾರರ ಮನೆಯ ಹುಡುಗ. ಇಲ್ಲಿ ಅವನ ಹೆಸರು ಗೊತ್ತಿಲ್ಲದವರಿಲ್ಲ, ಓದಿದವರು ಕಡಿಮೆ. ನಾನೂ ಪಿಯುಸಿಯಲ್ಲಿ ಪರೀಕ್ಷೆಗೆ ಅಂತ ಓದಿ ಬಿಟ್ಟಿದ್ದೆ. ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ದುರ್ಯೋಧನ ಭೀಷ್ಮನನ್ನು ಕಾಣಲು ರಣರಂಗದ ಹೆಣಗಳ ನಡುವೆ ನಡೆದು ಹೋಗುತ್ತಾನೆ, ಜೊತೆಗೆ ಸಂಜಯ. ದ್ರೋಣ ಬಿದ್ದಿದ್ದಾನೆ. ಅಭಿಮನ್ಯು ಬಿದ್ದಿದ್ದಾನೆ, ವೈರಿಯ ಮಗ. ಅವನ ಶೌರ್ಯವನ್ನೂ ದುರ್ಯೋಧನ ಬಾಯಿತುಂಬ ಹೊಗಳುತ್ತಾನೆ. ಆಮೇಲೆ ಸ್ವಂತ ಮಗ ಲಕ್ಷಣಕುಮಾರ. ಅಪ್ಪನಿಗೆ ಮಗ ನೀರು ಬಿಡಬೇಕಾದದ್ದು ರೀತಿ, ಈಗ ನಿನಗೆ ನಾನು ಬಿಡುವಂತಾಯಿತಲ್ಲೋ, ಹೀಗೆ 'ಕ್ರಮವಿಪರ್ಯಯ' ಮಾಡಬಹುದೇ ಅಂತ ಕೇಳುತ್ತಾನೆ. ಕ್ರಮ ತಪ್ಪಿತು ಅನ್ನೋದೇ ಅವನ ದೂರು. ಆ ಮಾತು ಓದಿದಾಗ ಅಪ್ಪನ ಮುಷ್ಟಿ ಕಣ್ಣಿಗೆ ಬಂತು.

ಮುಂದೆ ದುಶ್ಶಾಸನ. ನಾನು ಅಕ್ಕ, ಹಾಗಾಗಿ ಈ ಜಾಗ ದಾಟಲು ನನಗೆ ತುಂಬ ಹೊತ್ತು ಹಿಡಿಯಿತು. ಅವ್ವನ ಹಾಲು ಮೊದಲು ಕುಡಿದವನು ನಾನು, ಆಮೇಲೆ ನೀನು; ಎಲ್ಲದರಲ್ಲೂ ನಾನು ಮುಂದೆ, ನೀನು ಹಿಂದೆ; ಸಾವಿನಲ್ಲಿ ಮಾತ್ರ ನೀನು ನನಗಿಂತ ಮುಂದೆ ಹೋದೆಯಲ್ಲ ಅಂತಾನೆ ಅಣ್ಣ. ಸಾವಿರ ವರ್ಷದ ಹಿಂದೆ ನಮ್ಮೂರ ಕಡೆಯವನೊಬ್ಬ ನನ್ನ ಮಾತನ್ನೇ ಬರೆದಿಟ್ಟು ಹೋಗಿದ್ದಾನೆ ಅನ್ನಿಸಿತು. ದುರ್ಯೋಧನ ಕೆಟ್ಟವನು, ಹಟಮಾರಿ, ಇಷ್ಟೆಲ್ಲ ಸಾವಿಗೆ ಅವನೇ ಕಾರಣ. ಆದರೂ ರನ್ನ ಅವನ ದುಃಖಕ್ಕೆ ಬಾಯಿ ಕೊಡುತ್ತಾನೆ. ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿ, ಅವರವರ ಗುಣ ತೆಗೆದು ಮಾತಾಡಿಸುತ್ತಾನೆ. ನಮ್ಮ ಹೆಂಗಸರು ಹಾಡಿಕೊಂಡು ಅಳುವುದಕ್ಕೂ ಇದಕ್ಕೂ ನನಗೇನೂ ಫರಕು ಕಾಣಲಿಲ್ಲ. ಕೇಳಲು ಪಕ್ಕದಲ್ಲಿ ಸಂಜಯನೊಬ್ಬ ಇದ್ದಾನೆ, ಅದು ಮುಖ್ಯ.

ರನ್ನನಿಗೆ ಆಸರೆಯಾಗಿದ್ದ ಅತ್ತಿಮಬ್ಬೆಯ ಕಥೆ ಎಲ್ಲರಿಗೂ ಗೊತ್ತು. ಗಂಡ ನಾಗದೇವ ತೀರಿಕೊಂಡಾಗ ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಸ್ವಂತ ತಂಗಿ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅವಳ ಆಶ್ರಯದಲ್ಲೇ. ಮಗಳಿಗೂ ಅವಳ ಹೆಸರೇ ಇಟ್ಟ. ಆದರೆ ಗಂಡ ಸತ್ತವಳ ಮುಂದೆ 'ಅತ್ತಿಮಬ್ಬೆ ಹಂಗ ಗಟ್ಟಿ ಇರು' ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದೇ ದಿನ ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ಹೆಣ್ಣು ರಾತ್ರಿ ಎಷ್ಟು ಅತ್ತಳೋ ಯಾರು ಕಂಡಿದ್ದಾರೆ?

ಎರಡನೇ ವರ್ಷದ ಮೊಹರಂ. ನಮ್ಮ ಊರಲ್ಲಿ ಅಲಾಯಿ ಹಬ್ಬ ಎಲ್ಲರದೂ. ಅವ್ವ ಸಕ್ಕರೆ ಓದಿಸಲು ಹೋದಳು, ಜೊತೆಗೆ ನಾನು. ರಿವಾಯತ್ ಪದ ಹಾಡುತ್ತಿದ್ದರು. ಕರ್ಬಲಾದಲ್ಲಿ ನೀರಿಲ್ಲದೆ ಮಕ್ಕಳು ಬಾಯಾರಿದ್ದು, ಹುಸೇನ್ ಸಾಹೇಬರು ಬಿದ್ದದ್ದು, ಎಲ್ಲ ನಮ್ಮ ಕನ್ನಡದಲ್ಲೇ. ಅದು ನಡೆದದ್ದು 680ರಲ್ಲಿ, ಇರಾಕಿನ ಮರಳಿನಲ್ಲಿ. ಇಲ್ಲಿ ನಮ್ಮ ಕರಿಮಣ್ಣಿನ ಹಳ್ಳಿಯಲ್ಲಿ ಲಿಂಗ ಕಟ್ಟಿದ ಮುದುಕ ಪದ ಎತ್ತುತ್ತಾನೆ, ಜನ ಕಣ್ಣು ಒರೆಸಿಕೊಳ್ಳುತ್ತಾರೆ. ಅವ್ವ ಆ ಗುಂಪಿನಲ್ಲಿ ಮನಸಾರೆ ಅತ್ತಳು. ಯಾರೂ ತಿರುಗಿ ನೋಡಲಿಲ್ಲ. ಅಳುವುದಕ್ಕೇ ಒಂದು ದಿನ ಇಟ್ಟ ಊರು ನಮ್ಮದು. ಅಂಥ ಊರಿನವರು ಮನೆಯೊಳಗೆ ಯಾಕೆ ಅಳು ಕಂಡರೆ ಇಷ್ಟು ಹೆದರುತ್ತೇವೋ.

ವಾಟ್ಸಾಪಿನಲ್ಲಿ ಒಬ್ಬರು ನನಗೆ 'ದುಃಖದ ಐದು ಹಂತ' ಕಳಿಸಿದ್ದರು: ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ನೀನು ಈಗ ಎಷ್ಟನೇ ಹಂತದಲ್ಲಿದ್ದೀಯ ಅಂತ ಬೇರೆ ಕೇಳಿದರು. ಅದನ್ನು 1969ರಲ್ಲಿ ಪುಸ್ತಕವಾಗಿ ಬರೆದ ವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ ಮಾತಾಡಿಸಿದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು. ಆ ಹಂತಗಳು ಮೊದಲು ಅವರದು, ಉಳಿದವರಿಗೆ ಹಚ್ಚಿದ್ದು ಆಮೇಲೆ. ನಮ್ಮ ಮನೆಯಲ್ಲಂತೂ ಯಾವುದೂ ಸಾಲಾಗಿ ಬರಲಿಲ್ಲ.

ಆದರೆ ಮಾತೊಂದೇ ಎಲ್ಲರಿಗೂ ಸಾಕು ಅಂತ ನಾನು ಹೇಳುವುದಿಲ್ಲ. ಆರು ತಿಂಗಳು ದಾಟಿದರೂ ಉಣ್ಣಲು, ಮಲಗಲು, ಕೆಲಸಕ್ಕೆ ಹೋಗಲು ಆಗದಷ್ಟು ದುಃಖ ಹಿಡಿದು ಕೂತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ನನ್ನ ಟ್ರ್ಯಾಕ್ಟರ್ ಭಯದ ಬಗ್ಗೆ ನಾನು ಮೊದಲು ಬಾಯಿ ಬಿಟ್ಟದ್ದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆಮೇಲೆ ಡಾಕ್ಟರ ಹತ್ತಿರವೂ ಹೋದೆ. ಈಗಲೂ ರಾತ್ರಿ ಹಾಡು ಕೇಳಿದರೆ ಎಚ್ಚರವಾಗುತ್ತದೆ. ಎದ್ದು ಕೂರುವುದಿಲ್ಲ. ಮಗ್ಗುಲು ಬದಲಿಸಿ ಮಲಗುತ್ತೇನೆ.

ಹೋದ ವಾರ ನಮ್ಮ ಶಾಲೆಯ ಏಳನೇ ಇಯತ್ತೆ ಹುಡುಗಿಯ ಅಪ್ಪ ತೀರಿಕೊಂಡರು. ಮಾತಾಡಿಸಲು ಹೋಗಿದ್ದೆ. ಜನ ತುಂಬಿದ್ದರು, ಹುಡುಗಿ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿತ್ತು. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, 'ಅಪ್ಪಾರು ನಿನ್ನ ಏನಂತ ಕರೀತಿದ್ರು ಮನ್ಯಾಗ?' ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ, 'ಬೆಲ್ಲದಚ್ಚು ಅಂತಿದ್ರು ಮಿಸ್' ಅಂತು. ಒಳಗಿನಿಂದ ಅದರ ಅವ್ವ, 'ಸಿಟ್ಟ ಬಂದರ ಮೆಣಸಿನಕಾಯಿ ಅಂತಿದ್ರು, ಅದನ್ನೂ ಹೇಳ' ಅಂದಳು. ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಯಾರೋ ಒಬ್ಬರು 'ಸಾಕ ಮಾಡ' ಅನ್ನಲು ಎದ್ದರು. ನಾನು ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.